ಯಜಮಾನನಿಲ್ಲದ ಕಡಲಿಗೆ ಕಾನೂನು ಬರೆಯುವ ಬಗೆ

ಹಿಂದೂ ಮಹಾಸಾಗರದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಟನ್ ಯೆಲ್ಲೋಫಿನ್ ಟ್ಯೂನಾ ಹಿಡಿಯುತ್ತಾರೆ. ಲಕ್ಷದ್ವೀಪ, ಮಾಲ್ಡೀವ್ಸ್‌ನವರು ಗಾಳ ಹಾಕಿ ಹಿಡಿದರೆ ಇರಾನ್, ಒಮಾನಿನವರು ಗಿಲ್‌ನೆಟ್ ಬಿಡುತ್ತಾರೆ. ಸ್ಪೇನ್ ಮತ್ತು ಫ್ರಾನ್ಸಿನ ಭಾರಿ ಪರ್ಸೀನ್ ಹಡಗುಗಳು ಸೆಶೆಲ್ಸ್ ಆಸುಪಾಸಿನಲ್ಲಿ ಇಡೀ ಹಿಂಡನ್ನೇ ಬಲೆಯಿಂದ ಸುತ್ತುತ್ತವೆ. ಪೂರ್ವ ಏಷ್ಯಾದ ಹಡಗುಗಳು ಸಾವಿರಾರು ಗಾಳ ಕಟ್ಟಿದ ಉದ್ದನೆಯ ಹಗ್ಗ, ಅಂದರೆ ಲಾಂಗ್‌ಲೈನ್, ಇಳಿಬಿಡುತ್ತವೆ. ಬಲೆ ಬೇರೆ, ಬಾವುಟ ಬೇರೆ. ಮೀನು ಮಾತ್ರ ಒಂದೇ: ಇಡೀ ಸಾಗರದ ಯೆಲ್ಲೋಫಿನ್ನನ್ನು ವಿಜ್ಞಾನಿಗಳು ಒಂದೇ ಸಂತತಿ ಎಂದು ಲೆಕ್ಕ ಹಾಕುತ್ತಾರೆ. ಒಬ್ಬರು ಹೆಚ್ಚು ಬಾಚಿದರೆ ಇನ್ನೊಬ್ಬರ ಬಲೆಗೆ ಅಷ್ಟು ಕಡಿಮೆ.

ಹಾಗಾದರೆ ಯಾರಿಗೆ ಎಷ್ಟು ಎಂದು ಹೇಳುವವರು ಯಾರು? ಲೋಕಕ್ಕೆಲ್ಲ ಒಂದು ಸರ್ಕಾರವಿಲ್ಲ, ನಡುಗಡಲಿಗೆ ಪೊಲೀಸ್ ಠಾಣೆಯಿಲ್ಲ. ದೇಶಗಳ ನಡುವೆ ನಿಯಮ ಹುಟ್ಟುವುದೇ ಒಪ್ಪಿಗೆಯಿಂದ. ಒಪ್ಪದ ದೇಶವನ್ನು ಕಟ್ಟಿಹಾಕುವುದು ಕಷ್ಟ. ಆದ್ದರಿಂದ ಕಡಲ ಕಾನೂನಿನ ಕಸುಬೆಲ್ಲ ಎರಡು ಕೆಲಸಗಳಲ್ಲಿದೆ. ಒಪ್ಪಿದರೆ ಲಾಭ ಅನ್ನಿಸಬೇಕು, ಒಪ್ಪದಿದ್ದರೆ ಕೈಸುಡಬೇಕು. ಈ ಎರಡನ್ನೂ ಹೇಗೆ ಮಾಡುತ್ತಾರೆ ಎಂಬುದೇ ಈ ಲೇಖನದ ವಿಷಯ.

ಮೊದಲು ಗೆರೆ, ಆಮೇಲೆ ಪಾಲು

ಶತಮಾನಗಳ ಕಾಲ ರೂಢಿ ಸರಳವಾಗಿತ್ತು. ದಡದಿಂದ ಸುಮಾರು 3 ಮೈಲಿ ಆಯಾ ದೇಶದ್ದು, ಅದರಾಚೆ ಎಲ್ಲರದು. 1945ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ತಮ್ಮ ಕರಾವಳಿಯ ಸಮುದ್ರತಳದ ಎಣ್ಣೆ ಮತ್ತು ಖನಿಜ ತಮ್ಮದೇ ಎಂದು ಸಾರಿದರು. ಎರಡು ವರ್ಷಗಳಲ್ಲಿ ಚಿಲಿ ಮತ್ತು ಪೆರು 200 ಮೈಲಿಯವರೆಗೆ ಹಕ್ಕು ಘೋಷಿಸಿದವು. ಆಮೇಲೆ ಮನಸ್ಸಿಗೆ ಬಂದಷ್ಟು ಅಳೆದುಕೊಳ್ಳುವ ಕಾಲ. ಇದನ್ನು ತಹಬಂದಿಗೆ ತರಲು ವಿಶ್ವಸಂಸ್ಥೆ 1958ರಲ್ಲಿ ಜಿನೀವಾದಲ್ಲಿ ಸಮ್ಮೇಳನ ಕರೆಯಿತು. 1960ರಲ್ಲಿ ಮತ್ತೊಮ್ಮೆ ಸೇರಿದಾಗ, ಪ್ರಾದೇಶಿಕ ಕಡಲಿನ ಅಗಲದ ಕುರಿತ ಪ್ರಸ್ತಾವ ಒಂದೇ ಒಂದು ಮತದಿಂದ ಬಿದ್ದುಹೋಯಿತು.

1967ರ ನವೆಂಬರ್ 1ರಂದು ಮಾಲ್ಟಾ ಎಂಬ ಪುಟ್ಟ ದ್ವೀಪರಾಷ್ಟ್ರದ ಪ್ರತಿನಿಧಿ ಆರ್ವಿಡ್ ಪಾರ್ಡೊ ಮಹಾಸಭೆಯಲ್ಲಿ ಎದ್ದುನಿಂತು, ಆಳ ಸಮುದ್ರದ ತಳ ಮಾನವಕುಲದ ಸಮಾನ ಸ್ವತ್ತಾಗಬೇಕು ಎಂದು ವಾದಿಸಿದರು. ಮೂರನೆಯ ಸಮ್ಮೇಳನಕ್ಕೆ ದಾರಿಯಾದದ್ದು ಈ ಭಾಷಣ. 1973ರಲ್ಲಿ ಶುರುವಾದ ಆ ಸಮ್ಮೇಳನ ಮುಗಿಯಲು 1982 ಬಂತು. ಇವತ್ತು ಎಲ್ಲರೂ ಬಳಸುವ ಅಳತೆಗಳನ್ನು ಗಟ್ಟಿ ಮಾಡಿದ್ದು ಅದರಲ್ಲಿ ಹುಟ್ಟಿದ ಕಡಲ ಕಾನೂನಿನ ಒಪ್ಪಂದ. ದಡದಿಂದ 12 ನಾಟಿಕಲ್ ಮೈಲಿಯವರೆಗೆ ಪ್ರಾದೇಶಿಕ ಕಡಲು; ಅಲ್ಲಿ ಆ ದೇಶದ್ದೇ ಆಡಳಿತ. 200 ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್‌ವರೆಗೆ ವಿಶೇಷ ಆರ್ಥಿಕ ವಲಯ. ಅಲ್ಲಿನ ಮೀನು, ಎಣ್ಣೆ, ಖನಿಜದ ಹಕ್ಕು ಆ ದೇಶದ್ದು, ಆದರೆ ಬೇರೆಯವರ ಹಡಗು ಹಾದುಹೋಗುವುದನ್ನು ತಡೆಯುವಂತಿಲ್ಲ. ಅದರಾಚೆಯ ನೀರು ಮುಕ್ತ ಸಮುದ್ರ. ಭಾರತ ಒಪ್ಪಂದ ಸಿದ್ಧವಾಗುವವರೆಗೆ ಕಾಯದೆ 1976ರಲ್ಲೇ ಕಾಯಿದೆ ಮಾಡಿ 200 ಮೈಲಿಯ ವಲಯವನ್ನು ತನ್ನದಾಗಿಸಿಕೊಂಡಿತು.

ಎಲ್ಲ ಒಟ್ಟಿಗೆ, ಇಲ್ಲದಿದ್ದರೆ ಏನೂ ಇಲ್ಲ

ನೂರೈವತ್ತರಷ್ಟು ದೇಶಗಳು ಒಪ್ಪಿದ್ದಾದರೂ ಹೇಗೆ? ಒಬ್ಬೊಬ್ಬರ ಬೇಡಿಕೆ ಒಂದೊಂದು. ನೌಕಾಬಲವಿದ್ದವರಿಗೆ ಜಲಸಂಧಿಗಳಲ್ಲಿ ತಡೆಯಿಲ್ಲದ ದಾರಿ ಬೇಕಿತ್ತು. ಕರಾವಳಿ ದೇಶಗಳಿಗೆ ಮೀನು ಬೇಕಿತ್ತು. ನೇಪಾಳದಂಥ ಕಡಲಿಲ್ಲದ ದೇಶಗಳಿಗೆ ಕಡಲಿಗೆ ಹೋಗುವ ಹಾದಿ ಬೇಕಿತ್ತು. ಹೊಸದಾಗಿ ಸ್ವತಂತ್ರವಾದ ದೇಶಗಳಿಗೆ ಸಮುದ್ರತಳದ ಸಂಪತ್ತಿನಲ್ಲಿ ಪಾಲು ಬೇಕಿತ್ತು. ಒಂದೊಂದು ವಿಷಯವನ್ನೂ ಬೇರೆಬೇರೆಯಾಗಿ ಮತಕ್ಕೆ ಹಾಕಿದ್ದರೆ ಪ್ರತಿಯೊಂದರಲ್ಲೂ ಯಾರೋ ಸೋತು ಎದ್ದುಹೋಗುತ್ತಿದ್ದರು. ಹಾಗಾಗಿ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದರು. ಜಲಸಂಧಿಯ ದಾರಿ ಬೇಕಿದ್ದವರು 200 ಮೈಲಿಯ ವಲಯಕ್ಕೂ ತಲೆಯಾಡಿಸಬೇಕು. ಬೇಕಾದ ಕಲಮು ಇಟ್ಟುಕೊಂಡು ಬೇಡದ್ದಕ್ಕೆ ವಿನಾಯಿತಿ ಕೇಳಲು ಈ ಒಪ್ಪಂದದಲ್ಲಿ ಅವಕಾಶವಿಲ್ಲ.

ಎರಡನೆಯ ಉಪಾಯ ಕರಡಿನದು. ಮೊದಲ ವರ್ಷಗಳಲ್ಲಿ ಪ್ರತಿ ದೇಶವೂ ತನ್ನ ತನ್ನ ಪ್ರಸ್ತಾವ ಮಂಡಿಸಿ ಕಾಗದದ ರಾಶಿ ಬೆಳೆಯಿತು. 1975ರಲ್ಲಿ ಸಮಿತಿಗಳ ಅಧ್ಯಕ್ಷರೇ ಕೂತು ಒಂದೇ ಒಂದು ಕರಡು ಬರೆದು ಹಂಚಿದರು. ಅದು ಯಾರನ್ನೂ ಕಟ್ಟುವ ಕಾಗದವಾಗಿರಲಿಲ್ಲ. ಆದರೂ ಆಟ ಬದಲಾಯಿತು. ಅದುವರೆಗೆ ಹೊಸ ನಿಯಮ ಬೇಕೆನ್ನುವವರು ದುಡಿಯಬೇಕಿತ್ತು. ಈಗ ಕರಡಿನಲ್ಲಿರುವುದು ಬೇಡವೆನ್ನುವವರು ಬೆಂಬಲ ಹುಡುಕಿಕೊಂಡು ಅಲೆಯಬೇಕಾಯಿತು. ಆರ್ಥಿಕ ವಲಯದ ಕಲಮುಗಳನ್ನು ನಾರ್ವೆಯ ಯೆನ್ಸ್ ಎವೆನ್ಸೆನ್ ಕಟ್ಟಿದ ಅನೌಪಚಾರಿಕ ಗುಂಪೊಂದು ಹದಗೊಳಿಸಿತು. ವೇದಿಕೆಯ ಮೇಲೆ ಭಾಷಣ ನಡೆಯುತ್ತಿದ್ದಾಗ ಕಾನೂನಿನ ನಿಜವಾದ ವಾಕ್ಯಗಳು ಪಕ್ಕದ ಕೋಣೆಯಲ್ಲಿ ಸಿದ್ಧವಾಗುತ್ತಿದ್ದವು. ಇಂದಿಗೂ ಇದು ಹೀಗೆಯೇ ನಡೆಯುತ್ತದೆ.

ಮೂರನೆಯದು ಒಮ್ಮತ. ಒಮ್ಮತ ಎಂದರೆ ಎಲ್ಲರಿಗೂ ಇಷ್ಟ ಎಂದಲ್ಲ, ಯಾರೂ ಎದ್ದುನಿಂತು ಬೇಡ ಅನ್ನಲಿಲ್ಲ ಎಂದಷ್ಟೇ. ಒಮ್ಮತಕ್ಕೆ ಸಾಧ್ಯವಾದ ಯತ್ನವನ್ನೆಲ್ಲ ಮಾಡದೆ ಮತದಾನಕ್ಕೆ ಹೋಗಬಾರದೆಂದು ಆ ಸಮ್ಮೇಳನದಲ್ಲಿ ಮೊದಲೇ ಮಾತಾಗಿತ್ತು. ಕೊನೆಗೆ ಅಮೆರಿಕ ಒತ್ತಾಯಿಸಿದ್ದರಿಂದ 1982ರ ಏಪ್ರಿಲ್ 30ರಂದು ಮತ ಹಾಕಲೇಬೇಕಾಯಿತು: ಪರ 130, ವಿರುದ್ಧ 4, ತಟಸ್ಥ 17. ಸಮುದ್ರತಳದ ಗಣಿಗಾರಿಕೆಯ ಭಾಗ ಹಿಡಿಸದೆ ಅಮೆರಿಕ ಇವತ್ತಿಗೂ ಈ ಒಪ್ಪಂದದ ಹೊರಗಿದೆ. ಆದರೆ 1983ರ ಮಾರ್ಚ್‌ನಲ್ಲೇ ಅಧ್ಯಕ್ಷ ರೇಗನ್ ತಮ್ಮ ದೇಶಕ್ಕೂ 200 ಮೈಲಿಯ ವಲಯ ಘೋಷಿಸಿಕೊಂಡರು! ಗಂಟು ಬೇಡ ಎಂದವರೂ ಗಂಟಿನೊಳಗಿನ ಸಿಹಿಯನ್ನು ಬಿಡಲಿಲ್ಲ. ಶ್ರೀಮಂತ ದೇಶಗಳ ತಕರಾರಿಗೆ ಮಣಿದು 1994ರಲ್ಲಿ ಗಣಿಗಾರಿಕೆಯ ಭಾಗವನ್ನು ತಿದ್ದಿದ ಪೂರಕ ಒಪ್ಪಂದ ಬಂತು, ಅದೇ ವರ್ಷ ನವೆಂಬರ್ 16ರಂದು ಮೂಲ ಒಪ್ಪಂದ ಜಾರಿಯಾಯಿತು. ಭಾರತ 1995ರಲ್ಲಿ ಅನುಮೋದಿಸಿತು.

ಮೀನಿನ ಲೆಕ್ಕ, ವರ್ಷದ ಚಕ್ರ

ಗೆರೆ ಎಳೆದ ಮಾತ್ರಕ್ಕೆ ಟ್ಯೂನಾದ ಪ್ರಶ್ನೆ ಮುಗಿಯಲಿಲ್ಲ. ಇವತ್ತು ಸೆಶೆಲ್ಸ್‌ನ ನೀರಿನಲ್ಲಿದ್ದ ಹಿಂಡು ಆಮೇಲೆ ಮುಕ್ತ ಸಮುದ್ರದಲ್ಲಿರುತ್ತದೆ, ಮತ್ತೆ ಇನ್ನಾರದೋ ವಲಯ ಹೊಗುತ್ತದೆ. ಇಂಥ ಮೀನಿಗಾಗಿ ಆಯಾ ಸಾಗರಕ್ಕೊಂದು ಆಯೋಗ ಬೇಕೆಂದು ಕಡಲ ಕಾನೂನು ಹೇಳುತ್ತದೆ. ನಮ್ಮ ಸಾಗರದ್ದು ಹಿಂದೂ ಮಹಾಸಾಗರ ಟ್ಯೂನಾ ಆಯೋಗ. 1996ರಿಂದ ಕೆಲಸ ಮಾಡುತ್ತಿದೆ, ಕಚೇರಿ ಸೆಶೆಲ್ಸ್‌ನ ರಾಜಧಾನಿ ವಿಕ್ಟೋರಿಯಾದಲ್ಲಿ. ಸುಮಾರು 30 ಸದಸ್ಯರು. ಭಾರತ, ಶ್ರೀಲಂಕಾ, ಇರಾನ್, ಇಂಡೋನೇಷ್ಯಾಗಳಂಥ ಕರಾವಳಿಯವರ ಜತೆಗೆ ಜಪಾನ್, ಕೊರಿಯಾ, ಚೀನಾ, ಐರೋಪ್ಯ ಒಕ್ಕೂಟದಂಥ ದೂರದಿಂದ ಬಂದು ಹಿಡಿಯುವವರೂ ಇದ್ದಾರೆ.

ಆಯೋಗದ ವರ್ಷ ಹೀಗೆ ಉರುಳುತ್ತದೆ. ಹಿಂದಿನ ವರ್ಷ ಯಾವ ಮೀನು, ಯಾವ ಬಲೆಯಿಂದ, ಎಲ್ಲಿ, ಎಷ್ಟು ಹಿಡಿದೆವೆಂದು ದೇಶಗಳು ಜೂನ್ ಕೊನೆಯೊಳಗೆ ಲೆಕ್ಕ ಕೊಡಬೇಕು. ವಿಜ್ಞಾನಿಗಳ ಕಾರ್ಯತಂಡಗಳು ಅದನ್ನು ಜಾಲಾಡಿ ಸಂತತಿಯ ಸ್ಥಿತಿ ಅಂದಾಜಿಸುತ್ತವೆ. ಡಿಸೆಂಬರ್ ಹೊತ್ತಿಗೆ ವೈಜ್ಞಾನಿಕ ಸಮಿತಿ ಸಲಹೆ ಕೊಡುತ್ತದೆ. ಮುಂದಿನ ಬೇಸಿಗೆಯ ಸಭೆಯಲ್ಲಿ ದೇಶಗಳು ಅದನ್ನಿಟ್ಟುಕೊಂಡು ಚೌಕಾಸಿಗೆ ಕೂರುತ್ತವೆ. ವಿಜ್ಞಾನಿ ಹೇಳುವುದು ಎಷ್ಟು ಹಿಡಿದರೆ ಮೀನು ಉಳಿದೀತು ಎಂಬುದನ್ನು ಮಾತ್ರ. ಯಾರು ಹಿಡಿಯುವುದನ್ನು ಬಿಡಬೇಕು ಎಂಬುದು ರಾಜಕೀಯ.

ತೊಡಕು ಇರುವುದು ಇಲ್ಲೇ. 2015ರಲ್ಲಿ ಯೆಲ್ಲೋಫಿನ್ ಅತಿಯಾಗಿ ಬರಿದಾಗಿದೆ ಎಂದು ಸಮಿತಿ ಎಚ್ಚರಿಸಿತು. ಮರುವರ್ಷ ಆಯೋಗ ಕಡಿತದ ಯೋಜನೆ ಒಪ್ಪಿತು. ಹೆಚ್ಚು ಹಿಡಿಯುವ ದೇಶಗಳು ಪರ್ಸೀನ್ ಹಿಡಿತವನ್ನು ಶೇ. 15, ಗಿಲ್‌ನೆಟ್ ಮತ್ತು ಲಾಂಗ್‌ಲೈನ್ ಹಿಡಿತವನ್ನು ಶೇ. 10 ಇಳಿಸಬೇಕು ಎಂದಾಯಿತು. ಕಡಿಮೆ ಹಿಡಿಯುವವರಿಗೆ ಕಡಿತವಿರಲಿಲ್ಲ. ಅವರ ಹಿಡಿತ ಏರಿದರೆ ಇವರ ಉಳಿತಾಯವೆಲ್ಲ ನೀರಿನ ಪಾಲು. ಸ್ಕಿಪ್‌ಜಾಕ್ ಟ್ಯೂನಾದ ಕತೆ ಇನ್ನೂ ಸ್ಪಷ್ಟ. ಮಾಲ್ಡೀವ್ಸ್ ಮುಂದಾಳುತನದಲ್ಲಿ 2016ರಲ್ಲಿ ಒಪ್ಪಿದ ಸೂತ್ರದ ಪ್ರಕಾರ 2018ರಿಂದ 2020ರವರೆಗೆ ವರ್ಷಕ್ಕೆ 4,70,029 ಟನ್ ಮಿತಿ ಎಂದು ಲೆಕ್ಕ ಬಂತು. ಮೂರೂ ವರ್ಷ ಹಿಡಿತ ಅದನ್ನು ದಾಟಿತು. ಕಾರಣವಿಷ್ಟೆ: ಒಟ್ಟು ಮಿತಿ ಇತ್ತು, ಅದರಲ್ಲಿ ಯಾರ ಪಾಲು ಎಷ್ಟೆಂದು ಹಂಚಿರಲಿಲ್ಲ. ಎಲ್ಲರಿಗೂ ಸೇರಿದ ಮಿತಿಯನ್ನು ಮೀರಿದವರು ಯಾರು ಎಂದು ಯಾರನ್ನು ಕೇಳುವುದು?

ಹಂಚಿಕೆಯ ಮಾತುಕತೆ ದಶಕದಿಂದಾಚೆಗೂ ಎಳೆದಾಡುತ್ತಿದೆ. ಹಿಂದಿನ ವರ್ಷಗಳಲ್ಲಿ ಯಾರು ಎಷ್ಟು ಹಿಡಿದಿದ್ದರೋ ಅದರಂತೆ ಪಾಲಿರಲಿ ಎನ್ನುತ್ತಾರೆ ದೂರದಿಂದ ಬರುವವರು. ಆಗ ನಮಗೆ ದೊಡ್ಡ ಹಡಗಿರಲಿಲ್ಲ, ಬಡತನವನ್ನೇ ಶಾಶ್ವತ ಮಾಡಬೇಡಿ ಎನ್ನುತ್ತವೆ ಕರಾವಳಿ ದೇಶಗಳು. ಭಾರತವೂ ಇದೇ ಸಾಲಿನಲ್ಲಿದೆ. ಇದರೊಳಗೆ ಇನ್ನೊಂದು ಸಿಕ್ಕಿದೆ. ಯುರೋಪಿನ ಹಡಗು ಸೆಶೆಲ್ಸ್‌ಗೆ ಶುಲ್ಕ ಕಟ್ಟಿ ಅದರ ವಲಯದೊಳಗೆ ಹಿಡಿದ ಮೀನು ಹಳೆಯ ಲೆಕ್ಕದಲ್ಲಿ ಯಾರ ಹೆಸರಿಗೆ ಬರೆಯಬೇಕು? ಹಡಗಿನ ಬಾವುಟದ ದೇಶಕ್ಕೋ, ನೀರಿನ ಒಡೆಯನಿಗೋ? ಈ ಒಂದು ಪ್ರಶ್ನೆಯ ಉತ್ತರದಲ್ಲಿ ಸಾವಿರಾರು ಟನ್ ಮೀನು ಅತ್ತಿತ್ತ ವಾಲುತ್ತದೆ.

2024ರ ಕೊನೆಯ ಅಂದಾಜಿನಲ್ಲಿ, ಪರಿಷ್ಕೃತ ಅಂಕಿಅಂಶಗಳ ಆಧಾರದ ಮೇಲೆ, ಯೆಲ್ಲೋಫಿನ್ ಅಪಾಯದಿಂದ ಹೊರಗಿದೆ ಎಂದು ವಿಜ್ಞಾನಿಗಳು ಹೇಳಿದರು. ಒಳ್ಳೆಯ ಸುದ್ದಿಯೇ. ಆದರೆ ಹಂಚಿಕೆಯ ಜಗಳ ಹಾಗೆಯೇ ಉಳಿದಿದೆ.

120 ದಿನದ ಹಿಂಬಾಗಿಲು

ಒಮ್ಮತ ಬಾರದಿದ್ದರೆ ಆಯೋಗದಲ್ಲಿ ಮೂರನೇ ಎರಡು ಬಹುಮತದಿಂದಲೂ ನಿರ್ಣಯ ಮಾಡಬಹುದು. ಹಾಗೆಂದು ಸೋತವರು ಸುಮ್ಮನಿರಬೇಕಿಲ್ಲ. 120 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಿದ ದೇಶಕ್ಕೆ ಆ ನಿರ್ಣಯ ಅನ್ವಯಿಸುವುದಿಲ್ಲ. ಮೂರನೇ ಒಂದಕ್ಕಿಂತ ಹೆಚ್ಚು ಸದಸ್ಯರು ಆಕ್ಷೇಪಿಸಿದರೆ ಉಳಿದವರೂ ಬದ್ಧರಲ್ಲ. ಯೆಲ್ಲೋಫಿನ್ ಕುರಿತ 2021ರ ನಿರ್ಣಯಕ್ಕೆ ಭಾರತ, ಇಂಡೋನೇಷ್ಯಾ, ಇರಾನ್, ಒಮಾನ್ ಮುಂತಾದ ದೇಶಗಳು ಆಕ್ಷೇಪಿಸಿ ಹೊರಗುಳಿದವು.

2023ರಲ್ಲಿ ಬಾಣ ತಿರುಗಿತು. ಪರ್ಸೀನ್ ಹಡಗಿನವರು ಉಪಗ್ರಹ ಸಂಪರ್ಕದ ತೇಲುವ ತೆಪ್ಪಗಳನ್ನು ಕಡಲಲ್ಲಿ ಬಿಡುತ್ತಾರೆ. ಅವುಗಳ ನೆರಳಿಗೆ ಮೀನು ಕೂಡುತ್ತದೆ, ಅದರಲ್ಲಿ ಎಳೆಯ ಯೆಲ್ಲೋಫಿನ್ ಬಹಳ. ಇಂಡೋನೇಷ್ಯಾ, ಭಾರತ ಮೊದಲಾದ ಕರಾವಳಿ ದೇಶಗಳು ಇವುಗಳ ಬಳಕೆಗೆ ವರ್ಷದಲ್ಲಿ ಕೆಲವು ತಿಂಗಳ ನಿಷೇಧ ಕೋರಿದವು. ಫೆಬ್ರವರಿಯಲ್ಲಿ ಮೊಂಬಾಸಾದ ವಿಶೇಷ ಸಭೆಯಲ್ಲಿ ಅದು ಮತದಾನದಿಂದ ಗೆದ್ದಿತು. ಐರೋಪ್ಯ ಒಕ್ಕೂಟವೂ ಸೇರಿ ಹಲವು ಸದಸ್ಯರು ಆಕ್ಷೇಪಣೆ ಸಲ್ಲಿಸಿದರು, ಗೆದ್ದ ನಿರ್ಣಯ ಬಿದ್ದುಹೋಯಿತು. ಮರುವರ್ಷ ಬ್ಯಾಂಕಾಕಿನಲ್ಲಿ ಮತ್ತೆ ಕೂತು ಎಲ್ಲರೂ ಒಪ್ಪುವ ಸಣ್ಣ ಹೆಜ್ಜೆ ಇಟ್ಟರು: ಹಡಗೊಂದಕ್ಕೆ 300 ಇದ್ದ ತೆಪ್ಪಗಳ ಮಿತಿ 2026ರಿಂದ 250, 2028ರಿಂದ 225.

ಹಿಂಬಾಗಿಲನ್ನು ಮುಚ್ಚಿಬಿಡಬಾರದೇ ಎಂದು ಕೇಳಬಹುದು. ಮುಚ್ಚಿದರೆ ಹಲವರು ಮುಂಬಾಗಿಲಿನಿಂದಲೂ ಒಳಗೆ ಬರುವುದಿಲ್ಲ. ಬಹುಮತ ಗಿಟ್ಟಿಸುವುದು ಇಲ್ಲಿ ಅರ್ಧ ಕೆಲಸ ಮಾತ್ರ. ಉಳಿದರ್ಧ, ಸೋತವರು ಎದ್ದುಹೋಗದಂತೆ ನೋಡಿಕೊಳ್ಳುವುದು.

ಬಂದರು, ಮಾರುಕಟ್ಟೆ, ನ್ಯಾಯಮಂಡಳಿ

ನಡುಗಡಲಲ್ಲಿ ಕಳ್ಳನನ್ನು ಹಿಡಿಯುವುದು ದುಬಾರಿ ಕೆಲಸ. ಆದರೆ ಹಿಡಿದ ಮೀನನ್ನು ಎಲ್ಲಾದರೂ ಇಳಿಸಲೇಬೇಕು. ಬಂದರಿನ ದೇಶವೇ ತಪಾಸಣೆ ಮಾಡಬೇಕು, ಅಕ್ರಮ ಹಡಗಿಗೆ ಪ್ರವೇಶ ನಿರಾಕರಿಸಬೇಕು ಎಂಬ ಜಾಗತಿಕ ಒಪ್ಪಂದ 2016ರಲ್ಲಿ ಜಾರಿಯಾಯಿತು. ಅದಕ್ಕಿಂತ ಚುರುಕಾದದ್ದು ಮಾರುಕಟ್ಟೆ. ಶ್ರೀಲಂಕಾಕ್ಕೆ ತನ್ನ ಹಡಗುಗಳ ಮೇಲೆ ಹಿಡಿತವಿಲ್ಲವೆಂಬ ಕಾರಣಕ್ಕೆ 2015ರ ಜನವರಿಯಿಂದ ಅಲ್ಲಿನ ಮೀನು ಆಮದನ್ನು ಐರೋಪ್ಯ ಒಕ್ಕೂಟ ನಿಲ್ಲಿಸಿತು. ಶ್ರೀಲಂಕಾ ಕಾನೂನು ತಿದ್ದಿ, ಹಡಗುಗಳ ಮೇಲೆ ನಿಗಾ ಬಿಗಿ ಮಾಡಿತು. 2016ರ ಜೂನ್‌ನಲ್ಲಿ ನಿಷೇಧ ತೆರವಾಯಿತು. ಗಡಿಯ ವಿವಾದಗಳಿಗೆ ನ್ಯಾಯಮಂಡಳಿಗಳಿವೆ. ಬಂಗಾಳ ಕೊಲ್ಲಿಯಲ್ಲಿ ಭಾರತ ಮತ್ತು ಬಾಂಗ್ಲಾದೇಶದ ನಡುವಿನ ವಿವಾದದಲ್ಲಿ 2014ರ ಜುಲೈನಲ್ಲಿ ತೀರ್ಪು ಬಂದಾಗ ಸುಮಾರು 25,600 ಚದರ ಕಿಲೋಮೀಟರ್‌ನಲ್ಲಿ 19,467 ಬಾಂಗ್ಲಾದೇಶದ ಪಾಲಾಯಿತು. ಭಾರತ ಅದನ್ನು ಒಪ್ಪಿಕೊಂಡಿತು. ಗೆರೆ ಇತ್ಯರ್ಥವಾದರೆ ಎರಡೂ ಕಡೆಯವರು ತಮ್ಮ ತಮ್ಮ ಪಾಲಿನಲ್ಲಿ ನಿಶ್ಚಿಂತೆಯಿಂದ ಕೆಲಸ ಶುರುಮಾಡಬಹುದು. ನಷ್ಟದೊಳಗೂ ಆ ಲಾಭವಿದೆ.

ಸಣ್ಣವರು ಒಗ್ಗೂಡಿದರೆ ಏನಾಗುತ್ತದೆ ಎಂಬುದಕ್ಕೆ ಪೆಸಿಫಿಕ್ ಸಾಗರದ ನೌರು ಒಪ್ಪಂದ ಸಾಕ್ಷಿ. 1982ರಲ್ಲಿ ಶುರುವಾದ ಈ ಒಪ್ಪಂದದ ಎಂಟು ದ್ವೀಪರಾಷ್ಟ್ರಗಳ ವಲಯಗಳು ಒಂದಕ್ಕೊಂದು ಹೊಂದಿಕೊಂಡಿವೆ. ಮೊದಲು ಒಬ್ಬರನ್ನು ಇನ್ನೊಬ್ಬರ ಮೇಲೆ ಎತ್ತಿಕಟ್ಟಿ ವಿದೇಶಿ ಹಡಗಿನವರು ಅಗ್ಗದಲ್ಲಿ ಪರವಾನಗಿ ಪಡೆಯುತ್ತಿದ್ದರು. ಈಗ ಅವು ಮೀನಿನ ತೂಕಕ್ಕೆ ಬದಲಾಗಿ ಹಡಗಿನ ದಿನಗಳನ್ನು ಮಾರುತ್ತವೆ. ವರ್ಷಕ್ಕೆ ಇಂತಿಷ್ಟೇ ದಿನ, ದಿನಕ್ಕೆ ಕನಿಷ್ಠ ಇಂತಿಷ್ಟು ಬೆಲೆ. ಕೊಳ್ಳಬೇಕಾದವರು ಕೊಟ್ಟೇ ಕೊಳ್ಳಬೇಕು. 2010ರ ಸುಮಾರಿಗೆ 6 ಕೋಟಿ ಡಾಲರ್ ಆಸುಪಾಸಿನಲ್ಲಿದ್ದ ವರಮಾನ ಒಂದು ದಶಕದೊಳಗೆ 50 ಕೋಟಿ ಡಾಲರ್‌ನ ಹತ್ತಿರ ಬಂತು. ಲೆಕ್ಕವೂ ಸುಲಭ: ಹಡಗು ಎಲ್ಲಿ ಎಷ್ಟು ದಿನ ಇತ್ತೆಂಬುದನ್ನು ಉಪಗ್ರಹವೇ ಹೇಳುತ್ತದೆ.

ತಳದ ಗಣಿ, ಮೇಲಿನ ಹೊಸ ಒಪ್ಪಂದ

ಪಾರ್ಡೊ ಹೇಳಿದ ಸಮಾನ ಸ್ವತ್ತನ್ನು ನೋಡಿಕೊಳ್ಳುವುದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರ. ಮಧ್ಯ ಹಿಂದೂ ಮಹಾಸಾಗರದಲ್ಲಿ ನಿಕ್ಕಲ್, ಕೋಬಾಲ್ಟ್, ತಾಮ್ರ ತುಂಬಿದ ಗಂಟುಗಳ ಅನ್ವೇಷಣೆಗೆ ಭಾರತಕ್ಕೆ 75,000 ಚದರ ಕಿಲೋಮೀಟರ್ ಜಾಗವಿದೆ. ಒಪ್ಪಂದವಾದದ್ದು 2002ರಲ್ಲಿ. ಇಲ್ಲಿನ ಹಂಚಿಕೆಯ ಉಪಾಯ ಜಾಣತನದ್ದು. ಅರ್ಜಿದಾರ ಸಮಬೆಲೆಯ ಎರಡು ಭಾಗಗಳನ್ನು ಶೋಧಿಸಿ ತೋರಿಸಬೇಕು. ಅದರಲ್ಲೊಂದನ್ನು ಪ್ರಾಧಿಕಾರ ಆರಿಸಿ ಅಭಿವೃದ್ಧಿಶೀಲ ದೇಶಗಳಿಗಾಗಿ ಎತ್ತಿಡುತ್ತದೆ. ಯಾವುದು ಕೈಬಿಡುವುದೋ ತಿಳಿಯದು, ಹಾಗಾಗಿ ಕೊಂಚವೂ ಮೋಸ ಮಾಡುವಂತಿಲ್ಲ. ಆದರೆ ಗಣಿ ತೆಗೆಯುವ ನಿಯಮಾವಳಿ ಇನ್ನೂ ಸಿದ್ಧವಾಗಿಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕ ತನ್ನದೇ ಕಾನೂನಿನಡಿ ಪರವಾನಗಿ ಕೊಡಲು ಹೊರಟದ್ದು ಈ ವ್ಯವಸ್ಥೆಗೆ ಎದುರಾದ ನೇರ ಸವಾಲು.

ಮುಕ್ತ ಸಮುದ್ರದ ಜೀವರಾಶಿಯನ್ನು ಒಟ್ಟಾಗಿ ಕಾಯುವ ಕಾನೂನು ಬಹುಕಾಲ ಇರಲಿಲ್ಲ. 2004ರಲ್ಲಿ ಕಾರ್ಯತಂಡವೊಂದರಿಂದ ಶುರುವಾದ ಮಾತುಕತೆ, ಸಿಂಗಪುರದ ರೀನಾ ಲೀ ಅಧ್ಯಕ್ಷತೆಯಲ್ಲಿ 2023ರ ಮಾರ್ಚ್ 4ರ ರಾತ್ರಿ ದಡ ಮುಟ್ಟಿತು. ಭಾರತ 2024ರ ಸೆಪ್ಟೆಂಬರ್‌ನಲ್ಲಿ ಸಹಿ ಹಾಕಿತು. 60 ದೇಶಗಳ ಅನುಮೋದನೆ 2025ರ ಸೆಪ್ಟೆಂಬರ್‌ನಲ್ಲಿ ಪೂರೈಸಿದ್ದರಿಂದ ಒಪ್ಪಂದ 2026ರ ಜನವರಿ 17ರಂದು ಜಾರಿಗೆ ಬಂತು. ಸಂರಕ್ಷಿತ ವಲಯಗಳು, ಪರಿಸರ ಪರಿಣಾಮದ ಪರಿಶೀಲನೆ, ಕಡಲಜೀವಿಗಳ ವಂಶವಾಹಿಯಿಂದ ಬರುವ ಲಾಭದ ಹಂಚಿಕೆ, ಬಡ ದೇಶಗಳಿಗೆ ತಾಂತ್ರಿಕ ನೆರವು, ಇವು ಇದರ ನಾಲ್ಕು ಕಂಬಗಳು. ಇದೂ ಒಂದು ಗಂಟೇ.

ಹಳೆಯ ಆಯೋಗಗಳಿಂದ ಕಲಿತ ಪಾಠ ಇಲ್ಲಿ ಕಾಣುತ್ತದೆ. ಒಮ್ಮತ ಬಾರದಿದ್ದರೆ ನಾಲ್ಕರಲ್ಲಿ ಮೂರು ಪಾಲು ಮತದಿಂದ ಸಂರಕ್ಷಿತ ವಲಯ ಘೋಷಿಸಬಹುದು. 120 ದಿನದ ಆಕ್ಷೇಪಣೆ ಇಲ್ಲೂ ಇದೆ. ಆದರೆ ಸುಮ್ಮನೆ ಬೇಡ ಎಂದರೆ ನಡೆಯದು. ಒಪ್ಪಂದ ಪಟ್ಟಿ ಮಾಡಿದ ಕಾರಣಗಳಲ್ಲೊಂದನ್ನು ಕೊಡಬೇಕು, ಅಷ್ಟೇ ಫಲ ಕೊಡುವ ಬೇರೆ ಕ್ರಮವನ್ನು ಆದಷ್ಟು ಮಟ್ಟಿಗೆ ತಾನೇ ಕೈಗೊಳ್ಳಬೇಕು. ಹಿಂಬಾಗಿಲು ಉಳಿದಿದೆ, ಅದಕ್ಕೊಬ್ಬ ಕಾವಲುಗಾರ ಬಂದಿದ್ದಾನೆ.

ಸುದ್ದಿ ಓದುವಾಗ

ಇದೆಲ್ಲ ದೂರದ ಮಾತೆಂದು ಮಲ್ಪೆ, ಮಂಗಳೂರು, ಕಾರವಾರದವರಿಗೆ ಅನ್ನಿಸಲಿಕ್ಕಿಲ್ಲ. 12 ಮೈಲಿಯೊಳಗೆ ರಾಜ್ಯದ ಕಾನೂನು, ಅದರಾಚೆ ಕೇಂದ್ರದ್ದು. ನಮ್ಮ ಬೋಟುಗಳು ಮೀನಿನ ಬೆನ್ನು ಹತ್ತಿ ಗೋವಾ, ಮಹಾರಾಷ್ಟ್ರದ ಕಡಲಿಗೂ ಹೋಗುತ್ತವೆ. ಒಂದು ರಾಜ್ಯ ಮಳೆಗಾಲದಲ್ಲಿ ಬಲೆ ಕಟ್ಟಿಟ್ಟು ಪಕ್ಕದ ರಾಜ್ಯ ಬಿಟ್ಟರೆ ಕಟ್ಟಿಟ್ಟವರೇ ಮೂರ್ಖರು. ಹಾಗಾಗಿ ಪಶ್ಚಿಮ ಕರಾವಳಿಯ ಆರ್ಥಿಕ ವಲಯಕ್ಕೆಲ್ಲ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಒಂದೇ ರಜೆ ಬಂತು. ಕೇರಳದ ರಜೆ ಅದರ 12 ಮೈಲಿಯೊಳಗೆ ಮಾತ್ರ 52 ದಿನ. ನಾಡದೋಣಿಗಳಿಗೆ ವಿನಾಯಿತಿ ಇಲ್ಲದಿದ್ದರೆ ಈ ನಿಷೇಧಕ್ಕೆ ಕಡಲತೀರದ ಒಪ್ಪಿಗೆ ಸಿಗುತ್ತಿರಲಿಲ್ಲ. ಮೀರಿದ ಬೋಟಿಗೆ ತೆರಿಗೆ ರಿಯಾಯಿತಿಯ ಡೀಸೆಲ್ ತಪ್ಪುತ್ತದೆ ಎಂಬ ಭಯ, ನಡುಗಡಲ ಗಸ್ತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಹಾಗಾಗಿ ಮುಂದೆ ಯಾವುದೇ ಕಡಲ ಒಪ್ಪಂದದ ಸುದ್ದಿ ಬಂದಾಗ ನಾಲ್ಕು ಪ್ರಶ್ನೆ ಹಾಕಿ ನೋಡಬಹುದು. ಒಟ್ಟು ಮಿತಿಯಷ್ಟೇ ಇದೆಯೋ, ಅದನ್ನು ಹಂಚಿದ್ದಾರೋ? ಲೆಕ್ಕ ಕೊಡುವವರು ಯಾರು, ಅದನ್ನು ಪರೀಕ್ಷಿಸುವವರು ಯಾರು? ಒಪ್ಪದವರಿಗೆ ಹೊರಬರುವ ದಾರಿ ಎಷ್ಟು ಸಲೀಸು? ಒಪ್ಪಿದವರಿಗೆ ಕೈಗೆ ಬರುವುದೇನು? ಮೊದಲ ಪ್ರಶ್ನೆಗೆ ಉತ್ತರವಿಲ್ಲದ ಒಪ್ಪಂದ ಸ್ಕಿಪ್‌ಜಾಕ್ ಮಿತಿಯ ಹಾದಿ ಹಿಡಿಯುತ್ತದೆ. ಕೊನೆಯದಕ್ಕೆ ಉತ್ತರವಿದ್ದರೆ ನೌರು ಒಪ್ಪಂದದಂತೆ ಬಾಳುತ್ತದೆ. ಮುಕ್ತ ಸಮುದ್ರದ ಹೊಸ ಒಪ್ಪಂದದ ಮೊದಲ ಸದಸ್ಯ ಸಮ್ಮೇಳನ ಜಾರಿಯಾದ ಒಂದು ವರ್ಷದೊಳಗೆ, ಅಂದರೆ 2027ರ ಜನವರಿ ನಡುವಿನೊಳಗೆ ನಡೆಯಬೇಕು. ಹಣ ಎಲ್ಲಿಂದ, ಲಾಭ ಯಾರಿಗೆ ಎಂಬ ಚೌಕಾಸಿ ಅಲ್ಲಿ ಶುರುವಾಗುತ್ತದೆ. ಸಹಿಯ ಫೋಟೋಗಳಿಗಿಂತ ಗಮನಿಸಬೇಕಾದದ್ದು ಆ ಚೌಕಾಸಿಯನ್ನು.